ಒಂಬತ್ತನೇ ಪ್ರಶ್ನೆ

"ಬೈಕು ಈಗ ನಿಮ್ಮ ಎದುರಿಗೇ ಇದೆಯಾ ಮೇಡಂ?" ಎಂದು ಕೇಳಿದ ಮೇಲೆ ಅವನಿಗೆ ಗೊತ್ತಾಯಿತು, ಅದು ತನ್ನದೇ ಬೈಕು.

ಗೊತ್ತಾದದ್ದು ಧ್ವನಿಯಿಂದಲ್ಲ. ಧ್ವನಿ ಎಲ್ಲಿಯೋ ಕೇಳಿದ ಹಾಗಿತ್ತು, ಅಷ್ಟೇ. ಆ ಕಡೆ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಎರಡು ತೊಟ್ಟು, ಒಂದು ತಡೆ, ಮತ್ತೆ ಎರಡು ತೊಟ್ಟು. ಈ ಭಾನುವಾರ ಸರಿ ಮಾಡ್ತೀನಿ ಎಂದು ಎಂಟು ತಿಂಗಳಿಂದ ಅವನು ಹೇಳಿಕೊಂಡು ಬಂದಿದ್ದ ಅಡುಗೆಮನೆಯ ನಲ್ಲಿ.

"ಇದೆ. ಮೆಟ್ಟಿಲ ಕೆಳಗಿತ್ತು, ಹಾಲಿಗೆ ತಂದಿದ್ದೀನಿ," ಎಂದಳು ಅವನ ಹೆಂಡತಿ.

ಕರೆ ಮಾಡಿದವರ ನಂಬರು ಎದುರಿನ ತೆರೆಯ ಮೇಲೆ ಇತ್ತು. ಹತ್ತೂ ಅಂಕಿ. ಅವನು ನೋಡಿದ, ಏನೂ ಹೊಳೆಯಲಿಲ್ಲ. ಅವನ ಫೋನಿನಲ್ಲಿ ಅವಳು 'ಮನೆ' ಎಂಬ ಹೆಸರಿನಲ್ಲಿದ್ದಳು. ಅಂಕಿಗಳನ್ನು ಅವನು ಯಾವತ್ತೂ ನೋಡಿರಲಿಲ್ಲ.

ಕೆಟ್ಟ ಸಾಮಾನುಗಳ ಬಗ್ಗೆ ಜನ ಫೋನು ಮಾಡುವ ಆಫೀಸು ಅದು. ಒಂದು ಸಾಲಿನವರು ಫ್ರಿಜ್ಜು, ಒಂದು ಸಾಲಿನವರು ಬಟ್ಟೆ ಒಗೆಯುವ ಮೆಷೀನು, ಕಿಟಕಿ ಪಕ್ಕದವರು ಬ್ಯಾಟರಿ ಬೈಕು. ನಾಲ್ಕು ವರ್ಷ ಅವನು ಫ್ರಿಜ್ಜಿನ ಸಾಲಿನಲ್ಲಿದ್ದ. ಹೋದ ತಿಂಗಳು ಬೈಕಿನ ಸಾಲಿಗೆ ಹಾಕಿದರು. ಮನೆಯಲ್ಲಿ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳುವ ಹಾಗೆ ಮಾತು ಬರಲಿಲ್ಲ. ಅಲ್ಲಿ ಯಾರಿಗೂ ಹೆಸರಿಲ್ಲ. ಅವನು ಹದಿನೇಳು. 'ನಮಸ್ಕಾರ, ಹದಿನೇಳನೇ ಸಂಖ್ಯೆ ಮಾತಾಡ್ತಿದ್ದೀನಿ' ಎಂದು ಮೂಗಿನಿಂದ ಸ್ವಲ್ಪ, ಗಂಟಲಿನಿಂದ ಸ್ವಲ್ಪ ತೆಗೆದ ಧ್ವನಿಯಲ್ಲಿ ಶುರು ಮಾಡಬೇಕು. ಆ ಧ್ವನಿಗೆ ಎರಡು ವಾರ ತರಬೇತಿ ಕೊಟ್ಟಿದ್ದರು. ಅವನ ತಾಯಿ ಕೇಳಿದ್ದರೂ ಗುರುತು ಹಿಡಿಯುತ್ತಿರಲಿಲ್ಲ.

ನಾನೇ ಕಣೇ, ಎನ್ನಬೇಕು. ಮಾತು ನಾಲಿಗೆಯ ತುದಿಗೆ ಬಂತು ಕೂಡ. ಅಷ್ಟರಲ್ಲಿ ಬಾಯಿ ತನ್ನ ರೂಢಿಯಂತೆ ಎರಡನೇ ಪ್ರಶ್ನೆ ಕೇಳಿಬಿಟ್ಟಿತು.

"ಗಾಡಿ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಮೇಡಂ? ಸ್ವಿಚ್ ಒತ್ತಿದರೆ ಮೀಟರಲ್ಲಿ ಬರುತ್ತೆ."

"ನಾಲ್ಕು ಸಾವಿರದ ಮುನ್ನೂರ ಹದಿನಾರು."

ಮೂರು ವರ್ಷದ ಹಿಂದೆ ಅವನು ಅದನ್ನು ಕೊಂಡದ್ದು. ಹನ್ನೊಂದು ದಿನ ಓಡಿಸಿದ್ದ. ಹೆಚ್ಚೆಂದರೆ ಎಪ್ಪತ್ತು ಕಿಲೋಮೀಟರು. ಆಮೇಲೆ ಚಳಿ ಅಂದ, ಸೊಂಟ ಅಂದ. ಒಂದು ಹಳೆಯ ದುಪ್ಪಟಿ ಹೊದಿಸಿ ಮೆಟ್ಟಿಲ ಕೆಳಗೆ ನಿಲ್ಲಿಸಿದ. ಬ್ಯಾಟರಿ ಸತ್ತಿರಬೇಕು ಅಂದುಕೊಂಡು ಆ ಕಡೆ ನೋಡುವುದನ್ನೂ ಬಿಟ್ಟಿದ್ದ. ದುಪ್ಪಟಿ ಪ್ರತಿದಿನ ಸಂಜೆ ಹೊದ್ದುಕೊಂಡೇ ಇರುತ್ತಿತ್ತು.

ಈಗ ನಾನೇ ಎನ್ನಲು ಆಗಲಿಲ್ಲ.

"ಯಾರ ಹೆಸರಲ್ಲಿದೆ ಮೇಡಂ?"

"ನಮ್ಮ ಯಜಮಾನರ ಹೆಸರಲ್ಲಿ." ಅವಳು ಹೆಸರು ಹೇಳಿದಳು. ಹೇಳಿ ಮುಗಿಸುವ ಮೊದಲೇ ಅವನು ಟೈಪು ಮಾಡಿ ಮುಗಿಸಿದ್ದ.

"ಏನು ತೊಂದರೆ?"

"ಸ್ವಿಚ್ ಹಾಕಿದ್ರೆ ದೀಪ ಬರುತ್ತೆ. ಮೀಟರೂ ಬರುತ್ತೆ. ಎಕ್ಸಲರೇಟರ್ ತಿರುವಿದ್ರೆ ಜಪ್ಪಯ್ಯ ಅಂದ್ರೂ ಕದಲಲ್ಲ. ಹಿಂದಿನ ಕೆಂಪು ದೀಪ ಮಾತ್ರ ಉರೀತಾನೇ ಇದೆ, ಆರಲ್ಲ."

ಅಲ್ಲಿಗೇ ಮುಗಿದಿತ್ತು. ಅವನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಒಂದು ತಿರುಪು ಬಿಚ್ಚಿದವನಲ್ಲ, ಆದರೆ ಈ ಒಂದು ತಿಂಗಳಲ್ಲಿ ಇಷ್ಟು ಕಲಿತಿದ್ದ: ಬ್ರೇಕ್ ಹಿಡಿದರೆ ಕೆಂಪು ದೀಪ ಹತ್ತುತ್ತದೆ, ಮೋಟಾರಿಗೆ ಕರೆಂಟು ನಿಲ್ಲುತ್ತದೆ. ಬಿಟ್ಟ ಮೇಲೂ ಬ್ರೇಕಿನ ಹಿಡಿ ಪೂರ್ತಿ ವಾಪಸು ಬರದೆ ಒಂದು ಕೂದಲೆಳೆಯಷ್ಟು ಒಳಗೇ ನಿಂತರೆ, ಗಾಡಿ ತನ್ನನ್ನು ಇನ್ನೂ ಯಾರೋ ತಡೆದಿದ್ದಾರೆ ಅಂದುಕೊಳ್ಳುತ್ತದೆ. ಕೈಯಲ್ಲಿದ್ದ ಹಾಳೆಯಲ್ಲಿ ಅದು ಒಂಬತ್ತನೇ ಪ್ರಶ್ನೆ. ನೇರ ಅಲ್ಲಿಗೆ ಹಾರಿದರೆ ಎರಡು ನಿಮಿಷದ ಕೆಲಸ.

"ಸ್ವಲ್ಪ ಬೇಗ ಆಗುತ್ತಾ?" ಎಂದಳು. "ಹನ್ನೊಂದೂವರೆಗೆ ಒಂದು ಕಡೆ ಇರಬೇಕು. ಒಂದು ರೂಮು ನೋಡಿದ್ದೀನಿ. ಬೀಗದ ಕೈ ಕೊಡ್ತೀನಿ ಅಂದಿದ್ದಾರೆ. ಇವತ್ತು ತಪ್ಪಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ."

ಗೋಡೆಯ ಮೇಲೆ ಹತ್ತು ಇಪ್ಪತ್ತೆರಡು.

ಏನು ರೂಮು? ಯಾರಿಗೆ? ಹಾಳೆಯಲ್ಲಿ ಅಂಥ ಪ್ರಶ್ನೆ ಇರಲಿಲ್ಲ.

"ಮೊದಲು ಬ್ಯಾಟರಿ ಹೊರಗೆ ತೆಗೀಬೇಕು ಮೇಡಂ," ಎಂದ.

ಅವಳು ತೆಗೆದಳು. ಅದರ ವೈರು ಕೂರುವ ಬಾಯಿಗಳನ್ನು ಒಣಬಟ್ಟೆಯಲ್ಲಿ ಒರೆಸಲು ಹೇಳಿದ, ಒರೆಸಿದಳು. ಫ್ಯೂಸು ನೋಡಲು ಹೇಳಿದ, ತಂತಿ ಕಡಿದಿಲ್ಲ ಎಂದಳು. ಹ್ಯಾಂಡಲಿನ ಕೆಳಗಿನ ವೈರು ಬಿಚ್ಚಿ, ಬಾಣದ ಗುರುತಿಗೆ ಬಾಣದ ಗುರುತು ಕೂರಿಸಿ ಮತ್ತೆ ಒತ್ತಲು ಹೇಳಿದ. ಒತ್ತಿದಳು. ಎಲ್ಲಿಯೂ 'ಯಾವುದು?' ಎಂದು ಕೇಳಲಿಲ್ಲ. ಯಾವುದಕ್ಕೂ ಅವಳ ಕೈ ತಡವರಿಸಿದ ಹಾಗಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆಯಲೂ ತನ್ನನ್ನು ಕರೆಯುತ್ತಿದ್ದಳಲ್ಲ, ಯಾವಾಗಿನಿಂದ ಕರೆಯುವುದು ಬಿಟ್ಟಳು ಎಂದು ಅವನು ಲೆಕ್ಕ ಹಾಕಿದ. ಸಿಗಲಿಲ್ಲ.

"ದಿನಕ್ಕೆ ಎಷ್ಟು ದೂರ ಓಡಿಸ್ತೀರಿ?"

"ಹೋಗ್ತಾ ಬರ್ತಾ ಇಪ್ಪತ್ತೆರಡು."

"ದಿನಾನಾ?"

"ಭಾನುವಾರ ಇಲ್ಲ. ಅವತ್ತು ಅವರು ಮನೇಲಿರ್ತಾರೆ."

ಅವನು ನೀರು ಕುಡಿದ.

"ಹಿಂದೆ ಭಾರ ಏನಾದ್ರೂ ಇಡ್ತೀರಾ ಮೇಡಂ?"

"ಒಬ್ಬರು ಕೂರ್ತಾರೆ."

"ಎಪ್ಪತ್ತು ಕಿಲೋ ಮೇಲಿದ್ರೆ ಮೋಟಾರಿಗೆ ಒತ್ತಡ ಆಗುತ್ತೆ," ಎಂದ. ಹಾಗೆಂದು ಕಂಪನಿ ಎಲ್ಲಿಯೂ ಹೇಳಿರಲಿಲ್ಲ.

"ತೂಗಿ ನೋಡಿಲ್ಲಪ್ಪ," ಎಂದು ಅವಳು ನಕ್ಕಳು. "ಅಷ್ಟಿರಲಿಕ್ಕಿಲ್ಲ."

ಗಂಡಸೋ ಹೆಂಗಸೋ ಎಂಬುದನ್ನು ಕಿಲೋ ಲೆಕ್ಕದಲ್ಲಿ ಕೇಳುವ ಉಪಾಯ ಅವನಿಗೆ ಹೊಳೆಯಲಿಲ್ಲ. ಹದಿನೇಳು ವರ್ಷ ಓದಿದ್ದು ದಂಡ.

ಬೆನ್ನ ಹಿಂದೆ ಸೆಂಟಿನ ವಾಸನೆ ಬಂತು. ಮೇಲ್ವಿಚಾರಕಿ. ಒಂದು ಕರೆ ಇಪ್ಪತ್ತು ನಿಮಿಷ ದಾಟಿದರೆ ಬಂದು ನಿಲ್ಲುತ್ತಿದ್ದಳು. ಎಲ್ಲರೂ ಅವಳಿಗೆ ಗಡಿಯಾರ ಎನ್ನುತ್ತಿದ್ದರು.

"ಹದಿನೇಳು, ಇಪ್ಪತ್ತೊಂದು ನಿಮಿಷ ಆಯ್ತು. ಏನ್ರೀ, ಹೆರಿಗೆ ಮಾಡಿಸ್ತಿದ್ದೀರಾ?" ಎಂದಳು ಮೆತ್ತಗೆ.

ಅವನು ಕಿವಿಯ ಮೇಲೆ ಕೈಯಿಟ್ಟು, ದೊಡ್ಡ ಸಮಸ್ಯೆ ಎಂಬಂತೆ ಹುಬ್ಬು ಗಂಟು ಹಾಕಿದ. ಹಾಳೆಯ ಕೊನೆಯಲ್ಲಿ ಹದಿನಾಲ್ಕನೆಯದು ಪ್ರಶ್ನೆಯಲ್ಲ. 'ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಅಂಗಡಿಗೆ ತನ್ನಿ, ಏಳು ದಿನ ಬೇಕಾಗುತ್ತದೆ.' ಅಷ್ಟು ಓದಿದರೆ ಸಾಕು. ಗಾಡಿ ನಿಲ್ಲುತ್ತದೆ, ಬೀಗದ ಕೈ ಬೇರೆಯವರ ಕೈಗೆ ಹೋಗುತ್ತದೆ, ದುಪ್ಪಟಿ ಮತ್ತೆ ಹೊದ್ದುಕೊಳ್ಳುತ್ತದೆ. ಸುಳ್ಳಾಡಿದ ಹಾಗೂ ಅಲ್ಲ, ಕಂಪನಿಯ ಮಾತು.

"ಹಲೋ? ಇದ್ದೀರಾ?"

"ಇದ್ದೀನಿ ಮೇಡಂ. ಈಗ ಹಿಂದಿನ ಗಾಲಿ ಎತ್ತಿ ಕೈಯಲ್ಲಿ ತಿರುಗಿಸಬೇಕು. ಗಾಡಿ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕು. ಮನೇಲಿ ಯಾರಾದ್ರೂ ಇದ್ದಾರಾ?"

"ಇಲ್ಲ."

"ನಿಮ್ಮ ಯಜಮಾನರು?"

"ಆಫೀಸಿಗೆ ಹೋಗಿದ್ದಾರೆ. ಇದ್ದಿದ್ರೂ ಅಷ್ಟೇ. ತುಂಬ ಓದಿದ್ದಾರೆ. ಹಿಡ್ಕೊಳ್ಳೋದೊಂದು ಬರಲ್ಲ."

ಅವನು ನಕ್ಕುಬಿಟ್ಟ. ನಕ್ಕದ್ದು ಹದಿನೇಳನೇ ಸಂಖ್ಯೆಯ ಧ್ವನಿಯಲ್ಲೇ. ಅವಳೂ ನಕ್ಕಳು. ಇಬ್ಬರೂ ಸೇರಿ ಹೀಗೆ ಒಬ್ಬನನ್ನು ಆಡಿಕೊಂಡು ನಕ್ಕು ಬಹಳ ಕಾಲವಾಗಿತ್ತು.

"ಎರಡು ಕಾಲಿನ ಸ್ಟ್ಯಾಂಡ್ ಹಾಕಿ. ಗಾಲಿ ತಾನೇ ಮೇಲೇಳುತ್ತೆ," ಎಂದ.

"ಹಾಕಿಯೇ ಇದೆ. ನೀವು ಕೇಳೋಕೆ ಮುಂಚೆನೇ ಹಾಕಿದ್ದೆ." ಗಾಲಿ ತಿರುಗಿಸಿದ ಸದ್ದು. "ನಿಮಗೆ ತುಂಬ ತಾಳ್ಮೆ ಬಿಡಿ. ಬೇರೆಯವರಾಗಿದ್ರೆ ಇಷ್ಟು ಹೊತ್ತಿಗೆ ರೇಗಿರ್ತಿದ್ರು. ಈ ಮನೇಲಿ ನನ್ನ ಹತ್ರ ಯಾರೂ ಇಷ್ಟು ಹೊತ್ತು ಮಾತಾಡಿದ್ದೇ ಇಲ್ಲ."

ಹದಿನೇಳನೇ ಸಂಖ್ಯೆಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಅದರ ಹಿಂದೆಯೇ ಇನ್ನೊಂದು ಆಸೆಯೂ ಹುಟ್ಟಿತು: ಈ ಹದಿನೇಳು ಅವಳ ಕಣ್ಣಿನಲ್ಲಿ ಇನ್ನಷ್ಟು ಒಳ್ಳೆಯವನಾಗಬೇಕು. ಹದಿನಾಲ್ಕನೆಯದನ್ನು ಓದಿದರೆ ಅವನು ಕೆಟ್ಟವನಾಗುತ್ತಾನೆ. ಗಂಡ ಹೇಗೂ ಕೆಟ್ಟಾಗಿತ್ತು, ಇವನಾದರೂ ಉಳಿಯಲಿ.

ಹನ್ನೊಂದಕ್ಕೆ ಹನ್ನೆರಡು ನಿಮಿಷ ಇತ್ತು.

"ಮೇಡಂ, ಎಡಗೈ ಬ್ರೇಕಿನ ಹಿಡಿ ನೋಡಿ," ಎಂದ. "ಅದನ್ನು ಬೆರಳಲ್ಲಿ ಮುಂದಕ್ಕೆ, ನಿಮ್ಮಿಂದ ಆಚೆಗೆ ತಳ್ಳಿ. ಕೆಂಪು ದೀಪ ಆರ್ತಾ?"

"ಅಯ್ಯೋ, ಆರ್ತು!"

"ಬಿಡಿ."

"ಮತ್ತೆ ಹತ್ತಿಕೊಳ್ತು."

"ಅಷ್ಟೇ. ಗಾಡಿಗೆ ಏನೂ ಆಗಿಲ್ಲ. ಹಿಡಿಯ ಬುಡದಲ್ಲಿ ಧೂಳು ಕೂತಿದೆ. ಒರೆಸಿ, ಹೊಲಿಗೆ ಮೆಷೀನಿನ ಎಣ್ಣೆ ಇದ್ರೆ ಒಂದು ತೊಟ್ಟು ಬಿಡಿ. ಆಮೇಲೆ ಒಂದು ರಬ್ಬರ್ ಬ್ಯಾಂಡಲ್ಲಿ ಹಿಡೀನ ಮುಂದಿನ ದೀಪದ ಕಂಬಿಗೆ ಎಳೆದು ಕಟ್ಟಿ. ಬ್ರೇಕ್ ಹಿಡಿದ್ರೆ ಹಿಡೀಬೇಕು, ಬಿಟ್ರೆ ತಾನೇ ವಾಪಸು ಹೋಗ್ಬೇಕು. ಅಷ್ಟು ಬಿಗಿ ಇದ್ರೆ ಸಾಕು."

ಎಣ್ಣೆ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ, ಎಂದು ಬಾಯಿಗೆ ಬಂತು. ನುಂಗಿದ.

ಅವಳು ಫೋನು ಕೆಳಗಿಟ್ಟ ಸದ್ದು. ಏನೋ ಹುಡುಕಿದ ಸದ್ದು. ಆಮೇಲೆ ಅವನು ಅದನ್ನು ಕೇಳಿದ: ಸಣ್ಣಗೆ ಶುರುವಾಗಿ, ಮೇಲೆ ಮೇಲೆ ಏರಿ, ತುಂಬಿದ ಜೇನುಗೂಡಿನ ಹಾಗೆ ಗುಯ್ಗುಟ್ಟುವ ಮೋಟಾರು. ಗಾಳಿಯಲ್ಲಿ ತಿರುಗುವ ಗಾಲಿ. "ಓಡ್ತು! ಓಡ್ತು ನೋಡಿ!" ಎಂದು ಅವಳು ಕೂಗಿದಳು. ಅವಳ ಗಂಟಲಿನಲ್ಲಿ ಹಾಗೊಂದು ಕೂಗು ಇತ್ತೆಂಬುದನ್ನು ಅವನು ಮರೆತಿದ್ದ.

"ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಮೇಡಂ?"

"ಇಲ್ಲ. ಅಷ್ಟೇ."

ಕರೆ ಮುಗಿಯಿತು. ತೆರೆಯ ಮೇಲೆ, ಅವಳು ಒತ್ತಿದ ಹಾಗೆ, ಒಂದೊಂದಾಗಿ ಮೆಚ್ಚುಗೆಯ ಐದು ಚಿಕ್ಕೆ ಮೂಡಿದವು.

ಪಕ್ಕದ ಸಾಲಿನ ಫ್ರಿಜ್ಜಿನವನು ಅವನ ಹಳೆಯ ಜೊತೆಗಾರ. ಬಗ್ಗಿ ನೋಡಿ, "ಐದಕ್ಕೆ ಐದು! ಮೂವತ್ಮೂರು ನಿಮಿಷ ಏನೋ ಮಾತಾಡಿದೆ ಮಾರಾಯ?" ಎಂದ.

"ಬ್ರೇಕು," ಎಂದ ಅವನು.

ಬೈಸಿಕೊಳ್ಳಲು ಸಿದ್ಧನಾಗಿ ಕೂತಿದ್ದ. ಮಧ್ಯಾಹ್ನ ಗಡಿಯಾರ ಬಂದು, "ನಿಮ್ಮ ಕರೆ ಕೇಳಿದೆ. ಎದ್ದು ಬನ್ನಿ," ಎಂದಳು. ಹೊಸದಾಗಿ ಸೇರಿದ ಇಪ್ಪತ್ತು ಮಂದಿ ಒಂದು ಕೋಣೆಯಲ್ಲಿ ಕೂತಿದ್ದರು. ಗ್ರಾಹಕರ ಹತ್ತಿರ ಹೇಗೆ ಮಾತಾಡಬೇಕು ಎಂಬುದಕ್ಕೆ ಮಾದರಿ ಎಂದು ಅವಳು ಅವನ ಕರೆಯನ್ನು ಗೋಡೆಯ ಸ್ಪೀಕರಿನಲ್ಲಿ ಹಾಕಿದಳು. ಅವನನ್ನು ಮುಂದೆ ನಿಲ್ಲಿಸಿದಳು.

ಎಲ್ಲ ಕೇಳಿಸಿತು. ನಲ್ಲಿಯೂ ಕೇಳಿಸಿತು. ಹೆಸರು ಬರುವ ಜಾಗದಲ್ಲಿ, ಗ್ರಾಹಕರ ಮರ್ಯಾದೆ ಕಾಯಲು, ಮೆಷೀನು ತಾನಾಗಿಯೇ ಟುಂಯ್ ಎಂದು ಒಂದು ಸದ್ದು ಹಾಕಿ ಮುಚ್ಚಿತ್ತು. ತನ್ನ ಹೆಸರಿನ ಬದಲು ಬಂದ ಆ ಟುಂಯ್ ಅವನಿಗೆ ಸರಿಯಾಗಿಯೇ ಹೊಂದುತ್ತದೆ ಅನಿಸಿತು. 'ಹಿಡ್ಕೊಳ್ಳೋದೊಂದು ಬರಲ್ಲ' ಎಂಬಲ್ಲಿ ಇಪ್ಪತ್ತು ಮಂದಿಯೂ ಬಿದ್ದು ಬಿದ್ದು ನಕ್ಕರು.

"ನೋಡಿ," ಎಂದಳು ಗಡಿಯಾರ, "ಆಕೆ ಎಷ್ಟು ನಂಬಿ ಮಾತಾಡ್ತಿದ್ದಾಳೆ. ಮುಖ ಕಾಣದಿದ್ರೂ ಹತ್ತಿರದವರು ಅನ್ನಿಸ್ಬೇಕು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಫ್ರಿಜ್ಜಿನವನು, "ಹೆಂಡತಿ ಹತ್ರ ಹೀಗೆ ಮಾತಾಡಿದ್ರೆ ಸಂಸಾರ ಎಲ್ಲಿರ್ತಿತ್ತೋ!" ಎಂದ. ಎಲ್ಲರೂ ಮತ್ತೆ ನಕ್ಕರು. ಅವನೂ ನಕ್ಕ. ಮುಂದೆ ನಿಂತವನು ನಗದಿದ್ದರೆ ಚೆನ್ನಾಗಿರುವುದಿಲ್ಲ.

ಸಂಜೆ ಆರೂಮುಕ್ಕಾಲಿಗೆ ಮನೆ ಮುಟ್ಟಿದ. ನೆಲಮಹಡಿಯ ಬಾಗಿಲು, ಪಕ್ಕದಲ್ಲಿ ಮೇಲಿನ ಮನೆಗಳಿಗೆ ಹೋಗುವ ಮೆಟ್ಟಿಲು, ಅದರ ಕೆಳಗೆ ದುಪ್ಪಟಿ. ನಾಲ್ಕೂ ಮೂಲೆ ನೆಲಕ್ಕೆ ತಾಗಿತ್ತು. ಸತ್ತವರನ್ನು ಇಷ್ಟು ನೀಟಾಗಿ ಹೊದಿಸುವುದಿಲ್ಲ.

ಒಳಗೆ ಬಾಗಿಲ ಪಕ್ಕದ ಮೊಳೆಯಲ್ಲಿ ಎಂದಿನ ಎರಡೇ ಬೀಗದ ಕೈಗಳಿದ್ದವು. ಎರಡು ಸಲ ಎಣಿಸಿದ.

"ಬಂದ್ರಾ," ಎಂದಳು.

"ಹ್ಞೂಂ."

"ಆಫೀಸು?"

"ಎಂದಿನ ಹಾಗೆ. ನಿಂದು?"

"ಏನಿದೆ, ಮನೇಲಿ."

ಅವಳ ಕೂದಲು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಮನೆಯಲ್ಲಿ ಅವಳು ಯಾವಾಗಲೂ ಗಂಟು ಕಟ್ಟಿಕೊಂಡಿರುವವಳು. ಕಟ್ಟಿರುತ್ತಿದ್ದಳು ಅನ್ನುವುದು ಅವನಿಗೆ ಈಗ, ಬಿಚ್ಚಿದ ಮೇಲೆ, ತಿಳಿಯಿತು. ಊಟಕ್ಕೆ ಕೂತ. ಏನೋ ಒಂದು ಕಡಿಮೆ ಅನಿಸಿತು. ಉಪ್ಪಲ್ಲ. ನಲ್ಲಿ ಸುಮ್ಮನಿತ್ತು. ಒಂದು ತೊಟ್ಟೂ ಇಲ್ಲ.

ಯಾರು ಸರಿ ಮಾಡಿದರು, ಎಂದು ಕೇಳಬಹುದಿತ್ತು. ಮನೆಯ ಮಾತು ಅದು, ಯಾವ ಹಾಳೆಯಲ್ಲೂ ಬರೆದಿರಬೇಕಿಲ್ಲ. ಅವನು ತಟ್ಟೆ ನೋಡಿಕೊಂಡು ಉಂಡ. ಬೇಕೆಂದರೆ ಆ ಧ್ವನಿಯಲ್ಲಿ ಕೇಳಬಹುದು. ಆ ಧ್ವನಿಗೆ ಎಲ್ಲವೂ ಬರುತ್ತದೆ. ಗಂಟಲು ಸರಿಮಾಡಿಕೊಂಡ.

ಅವಳು ಪಾತ್ರೆ ಎತ್ತಿಕೊಂಡು ನಿಂತಿದ್ದಳು. ಅವನ ಮುಖವನ್ನು ನೇರ ನೋಡಿ, ಮೆಲ್ಲಗೆ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು:

"ಬೇರೆ ಏನಾದ್ರೂ ಬೇಕಿತ್ತಾ?"

"ಇಲ್ಲ," ಎಂದ. "ಅಷ್ಟೇ."

ಅವಳು ಒಳಗೆ ಹೋದಳು. ಅವನು ಕಸದ ಚೀಲ ಎತ್ತಿಕೊಂಡು ಹೊರಗೆ ಬಂದ. ಕಸ ಹಾಕಿ, ಮೆಟ್ಟಿಲ ಹತ್ತಿರ ನಿಂತ. ದುಪ್ಪಟಿ ತೆಗೆದ.

ಎಡಗೈ ಬ್ರೇಕಿನ ಹಿಡಿಯಿಂದ ದೀಪದ ಕಂಬಿಗೆ ಅವಳ ಕಪ್ಪು ಕೂದಲ ಬ್ಯಾಂಡು ಎಳೆದು ಕಟ್ಟಿತ್ತು. ಒಂದೆರಡು ಕೂದಲೂ ಅದರಲ್ಲಿ ಸಿಕ್ಕಿಕೊಂಡಿದ್ದವು. ಅವನು ಬ್ರೇಕು ಹಿಡಿದ, ಹಿಡಿಯಿತು. ಬಿಟ್ಟ, ತಾನೇ ವಾಪಸು ಹೋಯಿತು. ಅವನು ಹೇಳಿದಷ್ಟೇ ಬಿಗಿ. ಎಷ್ಟು ಸಲ ಹಿಡಿದು ಬಿಟ್ಟರೂ ಅಷ್ಟೇ ಚುರುಕಾಗಿ ವಾಪಸು ಹೋಯಿತು.

ಸ್ಟ್ಯಾಂಡ್ ಹಾಕಿಯೇ ಇತ್ತು. ಅವನು ಹತ್ತಿ ಕೂತ. ಸ್ವಿಚ್ ಒತ್ತಿದ. ಮೀಟರಿನಲ್ಲಿ ನಾಲ್ಕು ಸಾವಿರದ ಮುನ್ನೂರ ಮೂವತ್ತೆಂಟು.

ಎಕ್ಸಲರೇಟರ್ ತಿರುವಿದ. ಬೆಳಿಗ್ಗೆ ಫೋನಿನಲ್ಲಿ ಕೇಳಿದ ಅದೇ ಸದ್ದು ಕೆಳಗಿನಿಂದ ಎದ್ದು ಅವನ ತೊಡೆಗೆ, ಬೆನ್ನಿಗೆ ಏರಿತು. ಗಾಲಿ ನೆಲದಿಂದ ನಾಲ್ಕು ಬೆರಳು ಮೇಲೆ ಗಿರಗಿರ ತಿರುಗಿತು. ವೇಗ ಇಪ್ಪತ್ತು. ಇಪ್ಪತ್ತೈದು. ಬಿಟ್ಟ ದುಪ್ಪಟಿಯ ಒಂದು ಮೂಲೆ ಗಾಲಿಯ ಗಾಳಿಗೆ ಹಾರಾಡತೊಡಗಿತು. ಮುಂದಿನ ದೀಪದ ಬೆಳಕು ಒಂದು ಮೊಳ ದೂರದ ಗೋಡೆಯ ಮೇಲೆ ತಟ್ಟೆಯಷ್ಟಗಲ ಬಿದ್ದು ಅಲ್ಲೇ ನಿಂತಿತ್ತು.

ಅವರ ಬಾಗಿಲ ಒಳಗೆ ಒಂದು ಸ್ವಿಚ್ ಇದೆ; ಅದು ಮೆಟ್ಟಿಲ ಬಲ್ಬಿನದು. ಬಲ್ಬು ಹತ್ತಿತು. ಸ್ವಲ್ಪ ಹೊತ್ತು ಉರಿಯಿತು. ಬಾಗಿಲು ತೆಗೆಯಲಿಲ್ಲ. ಆರಿತು.

ಅವನು ಕೈ ಸಡಿಲಿಸಲಿಲ್ಲ. ಗೋಡೆಯನ್ನೇ ನೋಡುತ್ತ, ಎದುರು ಗಾಳಿಗೆ ತಲೆ ಬಗ್ಗಿಸಿದವನ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿದ. ಮೀಟರು ನಾಲ್ಕು ಸಾವಿರದ ಮುನ್ನೂರ ಮೂವತ್ತೊಂಬತ್ತಕ್ಕೆ ತಿರುಗಿತು.