ಹಿಂದಿನ ಸೀಟಿಲ್ಲದ ಫೋರ್ಡು

ವೈಜನಾಥ ಮಾಡಿದ್ದು ತಪ್ಪು. ತಪ್ಪೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ, ಒಂದು ಭಾನುವಾರವನ್ನೂ ಬಿಡದೆ ಅದನ್ನೇ ಮಾಡಿದ್ದ. ಔರಂಗಾಬಾದಿನ ಗುರುಲಿಂಗಪ್ಪ ಸಾಹುಕಾರರು ರಿಪೇರಿ ಮಾಡೆಂದು ಕೊಟ್ಟಿದ್ದ ಮೂವತ್ತೊಂದನೇ ಇಸವಿಯ ಫೋರ್ಡು ಕಾರಿನ ಮಡ್‌ಗಾರ್ಡುಗಳನ್ನು ಕಿತ್ತಿದ್ದ, ಮೇಲಿನ ಕ್ಯಾನ್ವಾಸು ಹೊದಿಕೆ ಕಿತ್ತಿದ್ದ, ಹಿಂದಿನ ಸೀಟು ಕಿತ್ತಿದ್ದ, ಕಡೆಗೆ ಎಂಜಿನ್ನನ್ನೇ ಕಿತ್ತು ಬೇರೆಯದನ್ನು ಕೂರಿಸಿದ್ದ. ಇಷ್ಟೆಲ್ಲ ಮಾಡಿದ ಮಹಾನುಭಾವ ಸಾಹುಕಾರರಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ಮಾತ್ರ ಒಂದೇ ಸಾಲು: ಕೆಲಸ ಚೆನ್ನಾಗಿ ನಡೆದಿದೆ, ಚಿಂತೆ ಬೇಡ.

ಅವನು ಬೀದರ್ ಕಡೆಯವನು. ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಬಿಗಿದ ನಟ್ಟು ಬೋಲ್ಟುಗಳು ದಿನವೂ ಅವನ ತಲೆಯ ಮೇಲೆ ಗುಡುಗುತ್ತ ಹಾರಿ ಹೋಗುತ್ತಿದ್ದವು; ಅವನು ಮಾತ್ರ ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ, ಅದೂ ನಿಂತುಕೊಂಡು, ಮನೆಗೆ ಹೋಗುತ್ತಿದ್ದ. ಹೆಂಡತಿಯಿಂದ ಹಿಡಿದು ಮೇಲಧಿಕಾರಿಯ ತನಕ ಎಲ್ಲರೂ ಅವನನ್ನು ಶಾಂತ ಸ್ವಭಾವದವನೆಂದೇ ತಿಳಿದಿದ್ದರು. ಒಳಗೆ ಅವನಿಗೆ ಹೊಟ್ಟೆಕಿಚ್ಚು. ತನ್ನ ಕೈಯಾರೆ ಕಟ್ಟಿದ ಒಂದಾದರೂ ಯಂತ್ರದ ಮೇಲೆ ತಾನೇ ಕೂತು, ತಾನೇ ಓಡಿಸಬೇಕು, ಅದು ತನ್ನದೇ ಆಗಿರಬೇಕು. ಮೂವತ್ನಾಲ್ಕು ವರ್ಷದ ಗಂಡಸಿಗೆ ಇದಕ್ಕಿಂತ ಬೇರೆ ಆಸೆಯೇ ಇರಲಿಲ್ಲ.

ಗುರುಲಿಂಗಪ್ಪನವರು ಅವನ ಊರ ಕಡೆಯವರೇ. ನಿಜಾಮನ ಕಾಲದಲ್ಲಿ ಔರಂಗಾಬಾದಿಗೆ ಬಂದು ಬಟ್ಟೆ ವ್ಯಾಪಾರದಲ್ಲಿ ನೆಲೆನಿಂತವರು. ಅವರ ಶೆಡ್ಡಿನಲ್ಲಿ ಹತ್ತು ವರ್ಷದಿಂದ ಅಲುಗಾಡದೆ ಬಿದ್ದಿದ್ದ ಫೋರ್ಡನ್ನು ಕಂಡು ವೈಜನಾಥ ಬಾಯಿ ಬಿಟ್ಟಿದ್ದ. ಆಗ ಸಾಹುಕಾರರು, "ಒಯ್ದು ಜೀವಾ ತುಂಬು. ಅರವತ್ತೊಂಬತ್ತರ ದಸರಾಕ್ಕ, ಬನ್ನಿಗಿ ಹೊಂಡೂದ್ರೊಳಗ ನನ್ನ ಗಾಡಿ ತಾನಾಗೇ ಓಡ್ಕೊಂತ ನನ್ನ ಬಾಗಲಿಗಿ ಬರಬೇಕು. ಬಂದ್ರ ನಿನ್ನ ಹೆಸರಿಗಿ ಬರದು ಕೊಡ್ತೀನಿ. ಬರ್ಲಿಲ್ಲಂದ್ರ ಗುಜರಿಗಿ ಹಾಕ್ತೀನಿ," ಎಂದಿದ್ದರು.

ಅವನು ಪ್ರಾಮಾಣಿಕವಾಗಿ ರಿಪೇರಿಗೇ ಕೈ ಹಾಕಿದ್ದು. ಆದರೆ ಮಡ್‌ಗಾರ್ಡು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹಿಂದಿನ ಸೀಟಿನ ಮರದಲ್ಲಿ ಗೆದ್ದಲು ಮೂರು ತಲೆಮಾರು ಸಂಸಾರ ಮಾಡಿತ್ತು. ಅದೇ ಹೊತ್ತಿಗೆ, ಗ್ರಹಚಾರವೋ ಪುಣ್ಯವೋ, ನಾಸಿಕದ ಒಂದು ರದ್ದಿ ಅಂಗಡಿಯಲ್ಲಿ ಅವನಿಗೆ ಹಳೆಯ ಅಮೆರಿಕನ್ ಪತ್ರಿಕೆಯೊಂದು ಸಿಕ್ಕಿತು. ಒಳಗೆ ಇಂಥದೇ ಹಳೆಯ ಫೋರ್ಡುಗಳ ಚಿತ್ರಗಳು. ಬೇಡದ್ದನ್ನೆಲ್ಲ ಬಿಚ್ಚಿ ಎಸೆದು, ದೊಡ್ಡ ಎಂಜಿನ್ ಕೂರಿಸಿ, ಓಡುವುದಕ್ಕೆಂದೇ ಕಟ್ಟಿದ ಕಾರುಗಳು. ಹಾಟ್ ರಾಡ್ ಎಂದು ಅವುಗಳ ಹೆಸರು. ಒಂದು ವಾರ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಹುಚ್ಚಿಗೆ ಜಾಗ ಕೊಟ್ಟವರು ಉಮಾನಾಥರು. ಉಡುಪಿ ಕಡೆಯವರು, ನಾಸಿಕದ ರವಿವಾರ ಕಾರಂಜದ ಹತ್ತಿರ ಸಸ್ಯಾಹಾರಿ ಹೊಟೇಲು ನಡೆಸುತ್ತಿದ್ದರು. ಅಡುಗೆಮನೆಯ ಹಿಂದಿನ ಕಟ್ಟಿಗೆ ಶೆಡ್ಡಿನಲ್ಲಿ ಕಾರು ನಿಂತಿತು. ಉಮಾನಾಥರಿಗೆ ಯಂತ್ರಗಳ ಮೇಲೆ ವಿಪರೀತ ಪ್ರೀತಿ. ಆದರೆ ಅವರು ಬಲ್ಲ ಯಂತ್ರ ಜಗತ್ತಿನಲ್ಲಿ ಒಂದೇ, ಹೊಟೇಲಿನ ಚಹಾ ಬಾಯ್ಲರು. ದೇವಳಾಲಿ ಕ್ಯಾಂಪಿನ ಹರಾಜಿನಲ್ಲಿ ಹಳೆಯ ಮಿಲಿಟರಿ ಲಾರಿಯ ಎಂಟು ಸಿಲಿಂಡರಿನ ಎಂಜಿನ್ ಸಿಕ್ಕಾಗ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು, ತಾವೂ ಅದರ ಮೇಲೆ ಕೂತು ಮೆರವಣಿಗೆ ಬಂದವರು ಅವರೇ. ನಾಲ್ಕು ಸಿಲಿಂಡರ್ ಇದ್ದ ಕಡೆ ಎಂಟನ್ನು ಕೂರಿಸಲು ವೈಜನಾಥನಿಗೆ ಏಳು ತಿಂಗಳು ಹಿಡಿಯಿತು. ವಿಮಾನದ ಕೆಲಸದಲ್ಲಿ ಮಾಡುವಂತೆ ಒಂದೊಂದು ಬೋಲ್ಟಿನ ತಲೆಗೂ ತೂತು ಕೊರೆದು, ಸಡಿಲವಾಗದ ಹಾಗೆ ತಂತಿ ಹೆಣೆದು ಬಿಗಿದ. "ಇದು ಕಾರು ಮಾರಾಯ್ರೇ, ಮೇಲೆ ಹಾರ್ಲಿಕ್ಕೆ ಉಂಟಾ?" ಎಂದು ಉಮಾನಾಥರು ಕೇಳಿದರೆ, "ಯಾರಿಗಿ ಗೊತ್ತರೀ," ಎನ್ನುತ್ತಿದ್ದ.

ದಸರಾಕ್ಕೆ ಎಂಟು ದಿನ ಇರುವಾಗ ಎಂಜಿನ್ ಮೊದಲ ಬಾರಿ ಹೊತ್ತಿಕೊಂಡಿತು. ಎರಡು ಸಲ ಕೆಮ್ಮಿ, ಒಂದು ಸಲ ಬೆಂಕಿ ಉಗುಳಿ, ಆಮೇಲೆ ಎಂಟೂ ಸಿಲಿಂಡರ್ ಒಟ್ಟಿಗೆ ಗರ್ಜಿಸಿದವು. ಅಡುಗೆಮನೆಯ ತಟ್ಟೆಗಳು ನೆಲಕ್ಕುರುಳಿದವು, ಊಟಕ್ಕೆ ಕೂತವರು ಎಂಜಲ ಕೈಯಲ್ಲೇ ಹಿತ್ತಲಿಗೆ ಓಡಿ ಬಂದರು. ವೈಜನಾಥನ ಮೈಯೆಲ್ಲ ಜುಮ್ಮೆಂದಿತು. ಉಮಾನಾಥರ ಹೆಂಡತಿ ಕುಸುಮಾವತಿ ಕಿವಿ ಮುಚ್ಚಿಕೊಂಡು, "ಇದನ್ನು ನೋಡಿ ಆ ಸಾಹುಕಾರರು ಎಂತ ಹೇಳ್ತಾರೋ!" ಎಂದು ಕೂಗಿದಳು. ಅದೊಂದು ಮಾತು ಆ ಸದ್ದಿನಲ್ಲೂ ಅವನಿಗೆ ಚೆನ್ನಾಗಿ ಕೇಳಿಸಿತು.

ದಸರಾ ದಿನ ಬೆಳಿಗ್ಗೆ ಆರಕ್ಕೆ ವೈಜನಾಥ, ಉಮಾನಾಥರು ಇಬ್ಬರೂ ಹೊರಟರು. ಸಾಹುಕಾರರ ಬಾಗಿಲಲ್ಲೇ ಪೂಜೆ ಮಾಡಬೇಕಲ್ಲ ಎಂದು ಕುಸುಮಾವತಿ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ, ಅರಶಿನ ಪುಡಿಯ ಗಂಟು ಕಟ್ಟಿಕೊಟ್ಟಳು. ಗೋದಾವರಿ ದಾಟಿ ನಿಫಾಡದ ದಾರಿ ಹಿಡಿಯುವಷ್ಟರಲ್ಲಿ ಸೂರ್ಯ ಎದುರಿಗೇ ಬಂದ. ಕಾರಿಗೆ ಗಾಜು ಬೇರೆ ಇಲ್ಲ. ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು ತರಿಸುತ್ತಿತ್ತು. ವೈಜನಾಥನಿಗೆ ಹಾಡಬೇಕೆನಿಸಿತು, ಹಾಡಿಯೂ ಹಾಡಿದ, ಎಂಜಿನ್ನಿನ ದಯೆಯಿಂದ ಯಾರಿಗೂ ಕೇಳಿಸಲಿಲ್ಲ.

ಯೇವಲೆ ದಾಟಿದ ಮೇಲೆ ರಸ್ತೆ ನೆಟ್ಟಗೆ. ಮುಂದೆ ಒಂದು ಕೆಂಪು ಎಸ್.ಟಿ. ಬಸ್ಸು ದಾರಿ ಬಿಡದೆ ಧೂಳೆಬ್ಬಿಸುತ್ತ ಹೋಗುತ್ತಿತ್ತು. ವೈಜನಾಥ ಹಾರ್ನ್ ಹೊಡೆದ. ಬಸ್ಸಿನ ಡ್ರೈವರು ಕನ್ನಡಿಯಲ್ಲಿ ಈ ಮಡ್‌ಗಾರ್ಡಿಲ್ಲದ ಬೋಳು ಪ್ರಾಣಿಯನ್ನು ನೋಡಿ ನಕ್ಕು ಇನ್ನಷ್ಟು ಜೋರು ಮಾಡಿದ. ಅಷ್ಟೇ ಸಾಕಾಯಿತು. ವೈಜನಾಥ ಗೇರು ಬದಲಿಸಿ ಕಾಲು ಒತ್ತಿದ. ಮುಳ್ಳು ಐವತ್ತು ಮೈಲಿಗೆ ಏರಿತು, ಅರವತ್ತಕ್ಕೆ, ಅರವತ್ತೈದಕ್ಕೆ. ಉಮಾನಾಥರ ಟೊಪ್ಪಿ ಹಾರಿ ಜೋಳದ ಹೊಲಕ್ಕೆ ಬಿತ್ತು.

"ಸಾಯ್ತೇವೆ ಮಾರಾಯ್ರೇ! ಸಾಯ್ತೇವೆ!" ಎಂದು ಉಮಾನಾಥರು ಅರಚಿದರು. ಬಸ್ಸಿನ ಪಕ್ಕಕ್ಕೆ ಬಂದೊಡನೆ ಅವರ ರಾಗವೇ ಬದಲಾಯಿತು. "ಬಿಡಿ, ಇನ್ನು ಸ್ವಲ್ಪ ಬಿಡಿ! ಅವನನ್ನು ಬಿಡ್ಬೇಡಿ!"

ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಮುಳ್ಳು ಎಪ್ಪತ್ತು ಮುಟ್ಟಿ ನಡುಗಿತು. ಬಸ್ಸು ಹಿಂದೆ ಬಿತ್ತು, ಸಣ್ಣದಾಯಿತು, ಕಾಣದಾಯಿತು. ಒಂದು ನಟ್ಟೂ ಸಡಿಲವಾಗಿರಲಿಲ್ಲ. ವೈಜನಾಥ ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟದ್ದೇ ಇಲ್ಲ. ಮದುವೆಯ ದಿನವೂ ಇಲ್ಲ, ಇದನ್ನು ಅವನ ಹೆಂಡತಿಗೆ ಯಾರೂ ಹೇಳಬೇಡಿ.

ವೈಜಾಪುರ ಇನ್ನೂ ಎರಡು ಮೈಲಿ ಇರುವಾಗ ಮುಂಭಾಗದಿಂದ ಹಬೆ ಎದ್ದಿತು. ಕಾರು ನಿಲ್ಲಿಸಿ ನೋಡಿದರೆ ರೇಡಿಯೇಟರು ಹತ್ತು ಕಡೆ ಜಿನುಗುತ್ತಿದೆ. ವೈಜನಾಥ ಕುಕ್ಕರಿಸಿ ಕೂತು ಕೆಳಗೆ ಇಣುಕಿದ.

"ನಿನ್ನಿ ತನಕ ಒಂದು ಹನಿ ಸೋರಿದ್ದಿಲ್ಲ! ಏನಾತು ಇದಕ್ಕ?"

ಉಮಾನಾಥರು ಗಂಟಲು ಸರಿ ಮಾಡಿಕೊಂಡರು. "ನಿಮಗೆ ಖುಷಿ ಆಗ್ಲಿ ಅಂತ ಒಂದು ಕೆಲಸ ಮಾಡಿದ್ದೇನೆ. ಆಯುಧ ಪೂಜೆಗೆ ಹೊಟೇಲಿನ ಹಿತ್ತಾಳೆ ಎಲ್ಲ ತೊಳೆದೆವಲ್ಲ, ಇದರ ಒಳಗೂ ಹುಣಸೆಹುಳಿ ನೀರು ತುಂಬಿಸಿ ಇಟ್ಟಿದ್ದೆ. ಬಾಯ್ಲರಿಗೆ ಹಾಗೇ ಮಾಡುವುದು. ಇಷ್ಟು ದಪ್ಪ ಕಿಟ್ಟ ಹೋಯ್ತು, ಗೊತ್ತುಂಟಾ?"

"ಆ ಕಿಟ್ಟಾನೇ ತೂತು ಮುಚ್ಚಿತ್ತರೀ!" ವೈಜನಾಥ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಮೂವತ್ತೆಂಟು ವರ್ಷದ್ದು! ಎರಡು ವರ್ಷ ನಾ ದುಡದೀನಿ, ನೀವು ಒಂದು ದಿನದಾಗ ತೊಳದು ಹಾಕಿದ್ರಿ!"

ಉಮಾನಾಥರ ಮುಖ ಬಾಡಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು. ಆಮೇಲೆ ತಲೆಯೆತ್ತಿ, "ಲಾರಿಯವರು ನಮ್ಮಲ್ಲಿ ಆಗಾಗ ಅರಶಿನ ಪುಡಿ ಕೇಳ್ತಾರೆ," ಎಂದರು. "ಅಡುಗೆಗಲ್ಲ. ರೇಡಿಯೇಟರಿನ ತೂತು ಮುಚ್ಚಲಿಕ್ಕೆ ಅಂತೆ."

ವೈಜನಾಥ ಪೂಜೆಯ ಗಂಟಿಗೆ ಕೈ ಹಾಕಿದ. ಎಂಜಿನ್ ಆರುವ ತನಕ ಕಾದು, ಹತ್ತಿರದ ಬಾವಿಯಿಂದ ನೀರು ಹೊತ್ತು ತಂದು, ಇದ್ದ ಅರಶಿನವನ್ನೆಲ್ಲ ಒಳಗೆ ಸುರಿದರು. ಕಾರು ಸ್ಟಾರ್ಟಾಯಿತು. ಹಳದಿ ನೀರು ಜಿನುಗಿತು, ಕಡಿಮೆಯಾಯಿತು, ಒಂದೆರಡು ಹನಿಗೆ ಬಂದು ನಿಂತಿತು. ಉಮಾನಾಥರು ಏನೂ ಆಗಿಯೇ ಇಲ್ಲವೆಂಬಂತೆ, "ಹೋಗುವಾ, ಹೊತ್ತಾಯ್ತು," ಎಂದು ಹತ್ತಿ ಕೂತರು. ಅಲ್ಲಿಂದ ಮುಂದೆ ನಲವತ್ತು ಮೈಲಿ ವೇಗಕ್ಕಿಂತ ಜೋರಾಗಿ ಓಡಿಸಲು ವೈಜನಾಥನಿಗೆ ಧೈರ್ಯ ಬರಲಿಲ್ಲ. ಎಂಜಿನ್ ಬಿಸಿಯಾದಾಗಲೆಲ್ಲ ನಿಲ್ಲಿಸಿ ನೀರು ಹಾಕುತ್ತ, ದೇವರನ್ನು ನೆನೆಯುತ್ತ ಔರಂಗಾಬಾದು ಮುಟ್ಟುವಾಗ ನಾಲ್ಕು ಗಂಟೆ.

ಗುರುಲಿಂಗಪ್ಪನವರು ಜರಿ ರುಮಾಲು ಸುತ್ತಿಕೊಂಡು ಬನ್ನಿಗೆ ಹೊರಡಲು ಸಿದ್ಧರಾಗಿ ನಿಂತಿದ್ದರು. ಅಂಗಳಕ್ಕೆ ನುಗ್ಗಿದ ಸದ್ದಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಕಾರಿನ ಸುತ್ತ ಒಂದು ಸುತ್ತು ಬಂದರು.

"ನನ್ನ ಗಾಡಿ ಎಲ್ಲ್ಯದ?"

"ಇದೇರಿ, ಸಾವ್ಕಾರ್ರೇ."

"ಗಣಪತಿ ಮಾಡಂದ್ರ ಅವರಪ್ಪನ್ನ ಮಾಡಿ ತಂದೀಯಲ್ಲೋ!" ಅವರ ಮೀಸೆ ಕುಣಿಯಿತು. "ಮ್ಯಾಲಿಂದು ಇಲ್ಲ, ಹಿಂದಿಂದು ಇಲ್ಲ, ಒಳಗಿಂದೂ ಬ್ಯಾರೆ! ಮಾತೇನಿತ್ತು? ನನ್ನ ಗಾಡಿ ಬರಬೇಕು ಅಂದಿದ್ದೆ. ಇದು ನನ್ನ ಗಾಡಿ ಅಲ್ಲ. ಸಹಿ ಮಾಡಾಂಗಿಲ್ಲ. ನಾಳಿ ಗುಜರಿಯವ ಬಂದು ಒಯ್ತಾನ."

ಮುದುಕ ಹೇಳಿದ್ದು ನಿಜ. ಅದೇ ವೈಜನಾಥನ ಸಂಕಟ. ಜೇಬಿನಲ್ಲಿ ಗಾಡಿಯನ್ನು ಹೆಸರಿಗೆ ಮಾಡಿಸುವ ಫಾರ್ಮು ನಾಲ್ಕು ಮಡಿಕೆಯಾಗಿ ಬೆವರಿಗೆ ಒದ್ದೆಯಾಗಿತ್ತು. ಕಾಗದ ಕಾಗದಕ್ಕೂ ಸುಳ್ಳು ಬರೆದವನಿಗೆ ಹೀಗೇ ಆಗಬೇಕು ಎಂದುಕೊಂಡ. ಆದರೂ ಅಳು ಬಂತು.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಮಲ್ಲಮ್ಮ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಅರವತ್ತು ದಾಟಿದ, ತಲೆತುಂಬ ಸೆರಗು ಹೊದ್ದ ಹೆಂಗಸು. ರೇಡಿಯೇಟರಿನಿಂದ ಹಳದಿ ಹನಿ ಬೀಳುತ್ತಿರುವುದನ್ನು ನೋಡಿ, "ಅರಿಶಿಣಾ ಹಚ್ಕೊಂಡೇ ಬಂದಾಳಲ್ಲ," ಎಂದು ನಕ್ಕು ಆರತಿ ಎತ್ತಿದರು. ಆಮೇಲೆ ಕಾರಿನೊಳಗೆ ಇಣುಕಿ ನೋಡಿದರು.

"ಹಿಂದಿನ ಸೀಟು?"

"ಇಲ್ರಿ ಅವ್ವಾರ. ಗೆದ್ದಲ ತಿಂದಿತ್ತು. ತಗದೀನಿ."

"ಪಡದಾ?"

"ಅದೂ ಇಲ್ರಿ. ಎರಡೇ ಸೀಟರಿ. ಎರಡೂ ಮುಂದೇ ಅವ."

ಮಲ್ಲಮ್ಮ ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟರು. "ಈ ಗಾಡಿ ನಮ್ಮಪ್ಪ ನನ್ನ ಮದವ್ಯಾಗ ಕೊಟ್ಟಿದ್ದು," ಎಂದರು, ಯಾರಿಗೆ ಹೇಳುತ್ತಿದ್ದಾರೋ ತಿಳಿಯಲಿಲ್ಲ. "ಇಪ್ಪತ್ತಾರು ವರ್ಷ ಇದರಾಗ ತಿರಗೀನಿ. ಹಿಂದ ಪಡದಾದೊಳಗ ನಾನು, ಮುಂದ ಇವರ ರುಮಾಲಾ. ಖುಲ್ದಾಬಾದಿಗಿ ಹೋದ್ರೂ ಅದೇ ರುಮಾಲಾ, ಪೈಠಣಕ್ಕ ಹೋದ್ರೂ ಅದೇ ರುಮಾಲಾ. ರಸ್ತಾ ಹ್ಯಾಂಗಿರ್ತದಂತ ನಾ ಒಂದಿನಾ ನೋಡಿಲ್ಲ." ಉಮಾನಾಥರ ಕಡೆ ತಿರುಗಿದರು. "ಅಣ್ಣಾರ, ಸ್ವಲ್ಪ ಇಳೀರಿ."

ಉಮಾನಾಥರು ಬಿದ್ದಂತೆ ಇಳಿದರು. ಗುರುಲಿಂಗಪ್ಪನವರು, "ಏ, ಮಂದಿ ನೋಡ್ತಾರ," ಎನ್ನುವಷ್ಟರಲ್ಲಿ ಕಾರು ಬೀದಿ ಸೇರಿತ್ತು.

ಜಾಲ್ನಾ ರಸ್ತೆಗೆ ಬಂದರು. ವೈಜನಾಥ ಮೆಲ್ಲಗೆ ಓಡಿಸುತ್ತಿದ್ದ. ಮಲ್ಲಮ್ಮ ಎರಡೂ ಕೈಯಿಂದ ಸೀಟು ಹಿಡಿದು ಮುಂದೆ ಬಾಗಿ, ಬಂದದ್ದನ್ನೆಲ್ಲ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದರು: ಬೇವಿನ ಮರ, ಮೈಲಿಗಲ್ಲು, ಸೈಕಲ್ಲಿನವನು, ದೂರದ ಗುಡ್ಡ.

"ಇದಕ್ಕಿಂತ ಜೋರ ಹೋಗಾಂಗಿಲ್ಲೇನು?"

"ಹೋಗ್ತದರಿ ಅವ್ವಾರ."

"ಮತ್ತ ಯಾರ ಸಲುವಾಗಿ ಇಟ್ಟೀದಿ?"

ರೇಡಿಯೇಟರನ್ನು ಮರೆತು ವೈಜನಾಥ ಕಾಲು ಒತ್ತಿದ. ಎಂಟೂ ಸಿಲಿಂಡರ್ ಗುಡುಗಿದವು. ಸೆರಗು ತಲೆಯಿಂದ ಜಾರಿ ಹಿಂದೆ ಪಟಪಟ ಬಡಿಯಿತು, ಬೆಳ್ಳಿ ಕೂದಲು ಕೆದರಿತು. ಮಲ್ಲಮ್ಮ ಸೆರಗನ್ನು ಮೇಲೆಳೆದುಕೊಳ್ಳಲಿಲ್ಲ. ಬಾಯಿ ತುಂಬ ನಕ್ಕರು, ಕೂಗಿದರು, ಮತ್ತೆ ನಕ್ಕರು. ವೈಜನಾಥನೂ ಕೂಗಿದ. ಇಬ್ಬರೂ ಸಣ್ಣ ಮಕ್ಕಳಾಗಿ ಹೋಗಿದ್ದರು.

ವಾಪಸು ಬಂದಾಗ ಗುರುಲಿಂಗಪ್ಪನವರು ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಹೆಂಡತಿಯ ಮುಖ ನೋಡಿದರು.

"ಇಳಿ. ಬನ್ನಿಗಿ ಹೊತ್ತಾತು," ಎಂದರು.

"ನೀವು ಕಾಗದಕ್ಕ ಸಹಿ ಮಾಡ್ರಿ. ಇಲ್ಲಂದ್ರ ನಾ ಇಳ್ಯಾಂಗಿಲ್ಲ. ಗುಜರಿಯವ ನಾಳಿ ನನ್ನ ಕೂಡೇ ಒಯ್ಲಿ."

ಬೀದಿಯಲ್ಲಿ ಹಬ್ಬದ ಜನ ನಿಂತು ನೋಡತೊಡಗಿದರು. ಸಾಹುಕಾರರು ಹೆಂಡತಿಯನ್ನು ದುರುಗುಟ್ಟಿ ನೋಡಿದರು. ಆಕೆ ರಸ್ತೆಯ ಕಡೆ ನೋಡಿದರು. ವೈಜನಾಥ ಕೆಳಗಿಳಿದು ಫಾರ್ಮು ಬಿಡಿಸಿ ಬಾನೆಟ್ಟಿನ ಮೇಲೆ ಹರವಿದ. ಉಮಾನಾಥರು ಪೆನ್ನು ಕೊಟ್ಟರು. ಬಾನೆಟ್ಟಿನ ಬಿಸಿಗೆ ಕೈ ಎಳೆದುಕೊಳ್ಳುತ್ತ, ಬೈದುಕೊಳ್ಳುತ್ತ, ಗುರುಲಿಂಗಪ್ಪನವರು ಮೂರು ಕಡೆ ಸಹಿ ಹಾಕಿದರು.

"ಆತಿಲ್ಲೋ? ಈಗರ ಇಳಿ."

"ಗಾಡಿ ಈಗ ನಿಮ್ಮದಲ್ಲ," ಎಂದರು ಮಲ್ಲಮ್ಮ. "ಇಳಿ ಅನ್ಲಾಕ ನೀವ್ಯಾರು? ಕೇಳಾದಿದ್ರ ಗಾಡಿಯವನಿಗಿ ಕೇಳ್ರಿ."

ಎಲ್ಲರೂ ವೈಜನಾಥನತ್ತ ನೋಡಿದರು. ಸಾಹುಕಾರರು ಕೂಡ, ಅಪ್ಪಣೆಗೆ ಕಾಯುವವರ ಹಾಗೆ, ಅವನತ್ತಲೇ ನೋಡಿದರು. ಅವನು ಸ್ಟೇರಿಂಗಿನ ಮುಂದೆ ಹತ್ತಿ ಕೂತ. ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲೂ ಇಲ್ಲ.

"ಕೂಡ್ರಿ ಅವ್ವಾರ," ಎಂದ. "ಇನ್ನೊಂದು ಸುತ್ತ ಹೋಗಮು."

ಎಂಜಿನ್ ಗರ್ಜಿಸಿತು. ಗುರುಲಿಂಗಪ್ಪನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.