ಟೀಚರಮ್ಮನ ಬಲಗಿವಿ

ಗಣಿತದ ಟೀಚರಿಗೆ ಎಡಗಿವಿ ಕೇಳಿಸದೆ ಒಂಬತ್ತು ವರ್ಷವಾಗಿತ್ತು. ಇದು ಗೊತ್ತಿದ್ದದ್ದು ಇಬ್ಬರಿಗೆ: ಒಬ್ಬರು ಕಿವಿ ಡಾಕ್ಟರು, ಇನ್ನೊಬ್ಬ ಹೊಲಿಗೆ ಅಂಗಡಿ ಇಟ್ಟಿದ್ದ ಅವಳ ಗಂಡ. ಶಾಲೆಯಲ್ಲಿ ಒಂದು ನರಪಿಳ್ಳೆಗೂ ಸುಳಿವು ಹತ್ತದಂತೆ ನೋಡಿಕೊಂಡಿದ್ದಳು. ಗೊತ್ತಾದರೆ ಪಾಠ ಬಿಡಿಸಿ ಯಾವುದೋ ಕಚೇರಿಯ ಮೂಲೆಯಲ್ಲಿ ಕಡತಗಳ ಜೊತೆ ಕೂರಿಸುತ್ತಾರೆ. ಕಡತ ತಿರುವಿಕೊಂಡು ಬದುಕುವ ಹೆಂಗಸಲ್ಲ ಅವಳು. ಸ್ಟಾಫ್ ರೂಮಿನಲ್ಲಿ ಗೋಡೆ ಎಡಕ್ಕೆ ಬರುವಂತೆ ಕೂರುವುದು, ಬೇರೆಲ್ಲಾದರೂ ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಏನೋ ಯೋಚನೆಯಲ್ಲಿರುವವಳ ಹಾಗೆ ನಟಿಸುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಜಂಬದವಳು ಎಂಬ ಹೆಸರು ಬಂದಿತ್ತು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ.

ಅಂಥವಳ ತಲೆಯ ಮೇಲೆ ಬಂದು ಬಿತ್ತು ಹೊಸ ತರಬೇತಿ. ಇಲಾಖೆ, ಒಂದು ಕಂಪನಿ, ಕಡಲಾಚೆಯ ಒಂದು ವಿಶ್ವವಿದ್ಯಾಲಯ, ಮೂರೂ ಕೈ ಕುಲುಕಿ ಫೋಟೊ ತೆಗೆಸಿಕೊಂಡಿದ್ದವು. ಇನ್ನು ಮೇಲೆ ಟೀಚರುಗಳು ತರಬೇತಿಗೆಂದು ಬಸ್ಸು ಹತ್ತಬೇಕಿಲ್ಲವಂತೆ, ತರಬೇತಿಯೇ ಅವರ ಕಿವಿಗೆ ಬರುತ್ತದಂತೆ. ತರಗತಿಯ ಹಿಂಬದಿಯಲ್ಲಿ ಸ್ಟ್ಯಾಂಡಿನ ಮೇಲೊಂದು ಟ್ಯಾಬ್, ಟೀಚರ್ ಕಿವಿಯಲ್ಲೊಂದು ಇಯರ್‌ಫೋನ್. ದೂರದ ಪಟ್ಟಣದಲ್ಲಿ ಕೂತ ಕೋಚ್ ಪಾಠ ನೋಡುತ್ತ ಅಲ್ಲಿಂದಲೇ ಹೇಳಿಕೊಡುತ್ತಾಳೆ. ಟ್ಯಾಬಿನ ಮೂಲೆಯಲ್ಲಿ ಒಂದು ಗಡಿಯಾರವೂ ಇತ್ತು, ತರಗತಿ ಎಷ್ಟು ಸೆಕೆಂಡು ಸುಮ್ಮನಿತ್ತು ಎಂದು ಎಣಿಸಲು. ಹತ್ತು ದಾಟಿದರೆ ಕೆಂಪು, ಯಾರಾದರೂ ಬಾಯಿ ಬಿಟ್ಟರೆ ಮತ್ತೆ ಹಸಿರು ಸೊನ್ನೆ. ಮಕ್ಕಳು ಯೋಚಿಸಲು ಹತ್ತು ಸೆಕೆಂಡು ಸಾಕೆಂದು ತೀರ್ಮಾನಿಸಿದ ಮಹಾನುಭಾವರು ಯಾವತ್ತಾದರೂ ಭಿನ್ನರಾಶಿ ಕಲಿಸಿದ್ದರೋ ಇಲ್ಲವೋ.

"ಯಾವ ಕಿವಿಗೆ ಹಾಕ್ಕೊಳ್ಳಲಿ ಹೇಳಿ," ಎಂದಳು ಸಂಜೆ ಗಂಡನ ಅಂಗಡಿಯಲ್ಲಿ ಕೂತು.

ಅವನು ಹೊಲಿಗೆ ಮೆಷಿನ್ ನಿಲ್ಲಿಸಿದ. "ಎಡಕ್ಕೆ ಹಾಕ್ಕೊಂಡ್ರೆ ಕೋಚ್ ಹೇಳಿದ್ದು ಕೇಳ್ಸಲ್ಲ. ಬಲಕ್ಕೆ ಹಾಕ್ಕೊಂಡ್ರೆ ಮಕ್ಕಳು ಹೇಳಿದ್ದು ಕೇಳ್ಸಲ್ಲ. ನಿಂದು ಒಳ್ಳೆ ಫಜೀತಿ ಕಣೇ. ಇದ್ದದ್ದನ್ನ ಹೇಳ್ಬಿಡು. ಬಲಗಿವೀನೂ ಈಚೆಗೆ ಮಂದ ಆಗ್ತಿದೆ, ಮೂರ್ಮೂರು ಸಲ ಕರೀಬೇಕು ನಿನ್ನ."

"ಬಾಯ್ತುಂಬ ಗುಂಡುಪಿನ್ನು ಇಟ್ಕೊಂಡು ಕರೆದ್ರೆ ಯಾರಿಗೆ ಕೇಳ್ಸುತ್ತೆ?" ಎಂದು ಅವನ ಬಾಯಿ ಮುಚ್ಚಿಸಿ ಎದ್ದಳು. ಮಾತು ಮಾತ್ರ ಎದೆಯಲ್ಲಿ ನಾಟಿಕೊಂಡಿತು.

ಮರುದಿನ ಇಯರ್‌ಫೋನನ್ನು ಬಲಗಿವಿಗೇ ಸಿಕ್ಕಿಸಿಕೊಂಡಳು. ಮಕ್ಕಳದ್ದನ್ನು ತುಟಿ ನೋಡಿ ತಿಳಿದುಕೊಂಡರಾಯಿತು ಎಂಬ ಧೈರ್ಯ. ಕಾಗದ ಮಡಚಿ ಅರ್ಧ, ಕಾಲು ತೋರಿಸುವ ಪಾಠ. "ಹಿಂದಿನ ಬೆಂಚಿಗೆ ಹೋಗಿ ಮೇಡಂ, ನಗ್ತಾ ಇರಿ, ಸೂಪರ್," ಎಂದು ಕೋಚ್ ಹೇಳಿದಂತೆಲ್ಲ ಕುಣಿದಳು. ಪಾಠ ಮುಗಿದ ಮೇಲೆ ಕೋಚ್ ಕೊಟ್ಟ ಅಂಕ ನೂರಕ್ಕೆ ತೊಂಬತ್ತೆರಡು. ಸುತ್ತಲಿನ ನಲವತ್ತು ಶಾಲೆಗಳಲ್ಲಿ ಮೊದಲ ಸ್ಥಾನ. ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಟೀಚರಿಗೂ ಹಿಗ್ಗಾಗದೆ ಇರಲಿಲ್ಲ.

ನಿಯಮದ ಪ್ರಕಾರ ತನ್ನ ಪಾಠದ ವಿಡಿಯೊವನ್ನು ತಾನೇ ಒಮ್ಮೆ ನೋಡಬೇಕಿತ್ತು. ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತು, ದನಿ ಪೂರ್ತಿ ಏರಿಸಿ, ಟ್ಯಾಬನ್ನು ಬಲಗಿವಿಯ ಹತ್ತಿರ ಹಿಡಿದು ನೋಡಿದಳು. ಮೊದಲು ಕಂಡದ್ದು ಒಂದು ವಿಚಿತ್ರ. ಮಾತಾಡಬೇಕಾದ ಮಕ್ಕಳೆಲ್ಲ ಎದ್ದು, ಅವಳನ್ನು ಸುತ್ತಿಕೊಂಡು, ಬಲಕ್ಕೆ ಬಂದು ನಿಂತು ಮಾತಾಡುತ್ತಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರೂ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟು ಕಾಲದಿಂದ ಗೊತ್ತಿತ್ತೋ, ದೊಡ್ಡವರ ಮುಂದೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಕಂಡದ್ದು ಗುಬ್ಬಿ.

ಗುಬ್ಬಿ ಎರಡನೇ ಬೆಂಚಿನ ಹುಡುಗಿ. ಹೆಸರಿಗಷ್ಟೇ ಗುಬ್ಬಿ, ಚಿಲಿಪಿಲಿ ಏನೂ ಇಲ್ಲ. ಶಾಲೆ ಸೇರಿ ಐದು ತಿಂಗಳಾಗಿದ್ದರೂ ತರಗತಿಯಲ್ಲಿ ಒಂದಕ್ಷರ ಆಡಿದವಳಲ್ಲ. ಹಾಜರಿಗೂ ಬೆರಳು ಎತ್ತುತ್ತಿದ್ದಳು. ಟೀಚರ್ ಗದರಿಸಿರಲಿಲ್ಲ. "ನಿಂಗೆ ಯಾವಾಗ ಅನ್ಸುತ್ತೋ ಆವಾಗ ಹೇಳು ಪುಟ್ಟಿ. ನಾನು ಕೇಳಿಸ್ಕೊಳ್ತೀನಿ," ಎಂದು ಮಾತು ಕೊಟ್ಟಿದ್ದಳು.

ವಿಡಿಯೊದಲ್ಲಿ ಗುಬ್ಬಿ ಮಡಚಿದ ಕಾಗದ ಹಿಡಿದು ಎದ್ದಳು. ಉಳಿದವರಂತೆಯೇ ಸುತ್ತಿ ಬಲಕ್ಕೆ ಬಂದಳು. ಕತ್ತೆತ್ತಿ, ಸಣ್ಣ ದನಿಯಲ್ಲಿ, "ಟೀಚರ್, ನಾನು ಹೇಳ್ಲಾ?" ಎಂದಳು.

ಅದೇ ಹೊತ್ತಿಗೆ ಕೋಚ್ ಹಿಂದಿನ ಬೆಂಚಿಗೆ ಹೋಗಿ ಎಂದಿರಬೇಕು. ವಿಡಿಯೊದ ಟೀಚರ್ ಹಲ್ಲು ಕಿರಿದುಕೊಂಡು ಗುಬ್ಬಿಗೆ ಬೆನ್ನು ತಿರುಗಿಸಿ ನಡೆದುಬಿಟ್ಟಳು. ಗುಬ್ಬಿ ಸ್ವಲ್ಪ ಹೊತ್ತು ಅಲ್ಲೇ ನಿಂತು, ಕಾಗದವನ್ನು ಮುದುರಿ, ಬೆಂಚಿಗೆ ಹೋಗಿ ಕೂತಳು.

ಟೀಚರಿಗೆ ಅಳು ಒತ್ತರಿಸಿ ಬಂತು. ಚಪ್ಪಾಳೆ ಹೊಡೆಸಿಕೊಂಡ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುಂದಿನ ಪಾಠದ ದಿನ ಇಯರ್‌ಫೋನನ್ನು ಎಡಗಿವಿಗೆ ತುರುಕಿದಳು. ಅಂಕ ಪಾತಾಳಕ್ಕಿಳಿಯಲಿ, ಯಾರಾದರೂ ಕೇಳಿದರೆ ತಪ್ಪನ್ನು ಸಿಗ್ನಲ್ ಮೇಲೆ ಹಾಕಿದರಾಯಿತು. ಒಂಬತ್ತು ವರ್ಷದ ಸುಳ್ಳಿಗೆ ಇನ್ನೊಂದು ಭಾರವೇ? ಎರಡನೇ ಬೆಂಚಿಗೆ ಹೋಗಿ ಗುಬ್ಬಿಯ ಪಕ್ಕದಲ್ಲಿ ಕೂತು, ಕಾಗದವನ್ನು ಎರಡು ಸಲ ಮಡಚಿ ಅವಳ ಮುಂದಿಟ್ಟಳು.

"ಇದು ಎಷ್ಟನೇ ಭಾಗ ಪುಟ್ಟಿ? ಆವತ್ತು ಹೇಳ್ಬೇಕು ಅಂತ ಬಂದಿದ್ದೆ, ಅಲ್ವಾ? ನಂದೇ ತಪ್ಪು. ಈಗ ಹೇಳು."

ತರಗತಿ ಗಪ್‌ಚಿಪ್ಪಾಯಿತು. ಗುಬ್ಬಿ ಕೈ ಚಾಚಿ ಟೀಚರ ಬಲಗಿವಿಯನ್ನು ಮುಟ್ಟಿ ನೋಡಿದಳು, ಅದರಲ್ಲಿ ಏನಾದರೂ ಇದೆಯೇ ಎಂದು.

"ಏನೂ ಇಲ್ಲ. ನೋಡು, ಖಾಲಿ," ಎಂದು ಟೀಚರ್ ಬಗ್ಗಿ ಕಿವಿಯನ್ನು ಅವಳ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ಕಾದಳು.

ಕಾದಳು, ಕಾದಳು. ಏನೂ ಇಲ್ಲ. ಹತ್ತು ಸೆಕೆಂಡು ಯಾವಾಗಲೋ ದಾಟಿರಬೇಕು. ಮಗುವನ್ನು ಕೈಯಾರೆ ಕಳೆದುಕೊಂಡೆ ಎಂದುಕೊಂಡು ಕಣ್ಣು ಬಿಟ್ಟು ಟ್ಯಾಬಿನ ಕಡೆ ನೋಡಿದಳು.

ಗಡಿಯಾರ ಕೆಂಪಾಗಿರಲಿಲ್ಲ. ಹಸಿರು ಬಣ್ಣದಲ್ಲಿ ಎರಡು ತೋರಿಸುತ್ತಿತ್ತು. ಆಮೇಲೆ ಮೂರು.

ಯಾರೋ ಆಗಷ್ಟೇ ಮಾತಾಡಿದ್ದರು. ತಿರುಗಿ ನೋಡಿದರೆ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ಗುಬ್ಬಿಯನ್ನೇ ನೋಡುತ್ತಿದ್ದರು. ಗುಬ್ಬಿ ಟೀಚರನ್ನು ನೋಡುತ್ತಿದ್ದಳು. ಆವತ್ತು ಕಾಗದ ಮುದುರುವ ಮೊದಲು ನಿಂತಿದ್ದ ಹಾಗೆಯೇ.

ಗಂಡ ಹೇಳಿದ್ದು ನಿಜ. ಈ ಕಿವಿಯೂ ಹೋಗುತ್ತಿದೆ. ಸರಿಯಾದ ಉತ್ತರ ಎಂದು ತಲೆ ಸವರಿ ಎದ್ದುಬಿಡಬಹುದಿತ್ತು. ಅಂಥ ನಟನೆ ಅವಳಿಗೆ ಕರತಲಾಮಲಕ. ಟ್ಯಾಬ್ ಎಲ್ಲವನ್ನೂ ದಾಖಲಿಸುತ್ತಿತ್ತು, ಕೋಚಿಗೆ, ಇಲಾಖೆಗೆ, ಕಂಪನಿಗೆ, ಕಡಲಾಚೆಯವರಿಗೆ.

ಎಡಗಿವಿಯ ಇಯರ್‌ಫೋನ್ ಕಿತ್ತು ಬೆಂಚಿನ ಮೇಲಿಟ್ಟಳು.

"ಟೀಚರಿಗೆ ಕಿವಿ ಕೇಳ್ಸಲ್ಲ ಪುಟ್ಟಿ," ಎಂದಳು, ಇಡೀ ತರಗತಿಗೆ ಕೇಳುವ ಹಾಗೆ. "ಎಡಗಿವಿ ಪೂರ್ತಿ ಹೋಗಿದೆ. ಈಗ ಇದೂ ಹೋಗ್ತಿದೆ. ನೀನು ಹೇಳಿದ್ದು ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ, ಜೋರಾಗಿ ಹೇಳ್ತೀಯಾ?"

ಗುಬ್ಬಿ ಚಪ್ಪಲಿ ಬಿಟ್ಟು, ಟೀಚರ ಭುಜ ಹಿಡಿದುಕೊಂಡು, ಬೆಂಚಿನ ಮೇಲೆ ಹತ್ತಿ ನಿಂತಳು.