ವಿಚಿಯನ್ ಹಿಡಿದ ಪಾತ್ರೆ

ಪ್ರಯೂನ್ ಚೀಲದಿಂದ ಎಳನೀರಿನ ಬಾಟಲಿ ತೆಗೆದದ್ದೇ ತಡ, ಚಿತಾಗಾರದ ಮೆಟ್ಟಿಲ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಅಣ್ಣ ವಿಚಿಯನ್‌ನನ್ನು ಸುಡುವ ಮೊದಲು ಮುಖಕ್ಕೆ ಎರೆಯಲು ಅವನು ತರಬೇಕಾಗಿದ್ದದ್ದು ಇಡೀ ಕಾಯಿ. ತಂದದ್ದು ಸುರಾತ್ ಥಾನಿ ಪೇಟೆಯ ಅಂಗಡಿಯ ಸರಕು. ಆಗಷ್ಟೇ ಒಡೆದ ಕಾಯಿಯ ನೀರೇ ಆಗಬೇಕೆಂದರು ಹಿರಿಯ ಭಿಕ್ಷು. ವಿಹಾರದ ಬೇಲಿಯಾಚೆಗೇ ವಿಚಿಯನ್‌ನ ತೆಂಗಿನ ತೋಟವಿತ್ತು.

"ಆ ತೋಟದೊಳಗೆ ನಾನು ಕಾಲಿಡಲ್ಲ ಅತ್ತಿಗೆ," ಎಂದ ಪ್ರಯೂನ್. "ಅಣ್ಣನ್ನ ಹಾಳು ಮಾಡಿದ್ದು ಅದೇ ಕಾಯಿ, ಇದೇ ಕೈ."

ಲಮೈ ಗಂಡನ ತೆರೆದ ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಅವನ ಜೊತೆ ಕಳಿಸಲು ತಂದ ನಗ್ಗಿದ ಅಲ್ಯೂಮಿನಿಯಂ ಪಾತ್ರೆ ಅವಳ ಕಂಕುಳಲ್ಲಿತ್ತು.

*

ವರ್ಷಗಳ ಹಿಂದೆ, ಆ ಕಾಯಿ ಬಿದ್ದ ದಿನ ಮರದ ಮೇಲಿದ್ದವನು ಪ್ರಯೂನ್. ಕೆಳಗೆ ವಿಚಿಯನ್, ಎಂದಿನಂತೆ ಬೈಯುತ್ತಾ ನಿಂತಿದ್ದ. ಕಡಿದ ಗೊನೆಯಿಂದ ಒಂದು ಕಾಯಿ ಜಾರಿ ನೇರ ಅವನ ತಲೆಗೆ ಬಿತ್ತು. ಮಿದುಳಿಗೆ ಪೆಟ್ಟಾಗಿದೆ, ಬದುಕಿದರೂ ಹಳೆಯ ಮನುಷ್ಯನಾಗಿ ಮರಳಲಾರ ಎಂದರು ವೈದ್ಯರು.

ಮರಳಲಿಲ್ಲ. ಎಡಗೈ ಸೋತಿತು, ಹೆಸರುಗಳು ಹೋದವು, ಜೊತೆಗೆ ಮೂಗಿನ ತುದಿಯ ಕೋಪವೂ ಹೋಯಿತು. ಮೊದಮೊದಲು ಲಮೈ ಹಿತ್ತಿಲಲ್ಲಿ ಕೂತು ಅತ್ತಳು. ಬೆಳಗಾದರೆ ಅವನು, ನೀವು ಯಾರ ಮನೆಯವರು ಎಂದು ಕೇಳುವನು. ನಿಮ್ಮ ಹೆಂಡತಿ ಎಂದರೆ, "ಹೌದಾ? ನನ್ನ ಪುಣ್ಯ," ಎಂದು ಬಾಯಿತುಂಬ ನಗುವನು. ಹಳೆಯ ವಿಚಿಯನ್ ಒಮ್ಮೆಯೂ ಹಾಗೆ ಅಂದವನಲ್ಲ.

ಮೇಲಿಂದ ಕಾಯಿ ಬಿದ್ದೀತೆಂಬ ಭಯ ಮಾತ್ರ ಉಳಿದಿತ್ತು. ತೋಟಕ್ಕೆ ಯಾರು ಬಂದರೂ ಓಡಿಹೋಗಿ ಅವರ ತಲೆಗೆ ಈ ಪಾತ್ರೆ ಕವುಚುವನು. ಅಂಚೆಯವನನ್ನೂ ಬಿಡಲಿಲ್ಲ, ಭಿಕ್ಷುವನ್ನೂ ಬಿಡಲಿಲ್ಲ. ಪ್ರಯೂನ್ ಮಾತ್ರ ರಸ್ತೆಯ ಕಡೆಯಿಂದ ಸುತ್ತಿ ಬಂದು, ಅಕ್ಕಿ ಮೂಟೆ ಬಾಗಿಲಲ್ಲಿಳಿಸಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ.

*

"ಕಾಯಿ ಬೀಳಿಸಿದ್ದು ನೀನೇ, ಇಲ್ಲ ಅನ್ನಲ್ಲ," ಎಂದಳು ಲಮೈ. "ಆದ್ರೆ ನಾನು ಸುಖವಾಗಿ ಬಾಳಿದ್ದು ಆಮೇಲೇನೇ ಪ್ರಯೂನ್. ಇದನ್ನ ಬಾಯಿಬಿಟ್ಟು ಹೇಳೋಕೆ ನಂಗೂ ನಾಚಿಕೆ ಆಗ್ತಿತ್ತು. ನೀನು ಬಂದಾಗೆಲ್ಲ ಅವರು ಪಾತ್ರೆ ಹಿಡ್ಕೊಂಡು ತೋಟದಲ್ಲಿ ಕಾಯೋರು. ಈ ಮನುಷ್ಯ ಯಾಕೆ ಈ ಕಡೆ ಬರಲ್ಲ ಅಂತ ನನ್ನ ಕೇಳೋರು."

ಲಮೈ ಪಾತ್ರೆಯನ್ನು ಪ್ರಯೂನ್‌ನ ತಲೆಗೆ ಕವುಚಿದಳು. ಮೊದಲು ನಕ್ಕವರು ಭಿಕ್ಷುವೇ.

ಅವನು ಬೇಲಿ ದಾಟಿ ಹೋದ. ಹಸಿರು ಕಾಯೊಂದನ್ನು ಎದೆಗವುಚಿಕೊಂಡು ಬಂದ. ಕೆತ್ತಿ ಒಡೆದು, ಅಣ್ಣನ ಹಣೆಗೆ, ಕೆನ್ನೆಗೆ ನೀರೆರೆದ. ಕೈಮುಗಿದು ಬಗ್ಗಿದಾಗ ಪಾತ್ರೆ ಅವನ ಕಣ್ಣಿನ ತನಕ ಜಾರಿತು. ತೆಗೆ ಎಂದು ಯಾರೂ ಹೇಳಲಿಲ್ಲ, ಅವನೂ ತೆಗೆಯಲಿಲ್ಲ.